ಜೋಳದ ಬೂಷ್ಟು, ಬೂಷ್ಟಿನ ವಂಶವಾಹಿ

ಮುಂಗಾರಿ ಜೋಳವು ಕಾಳುಗಟ್ಟಿ ಬಲಿಯುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ತೆನೆಯ ಬಣ್ಣ ಕೆಡುತ್ತದೆ. ಬೆಳ್ಳಗಿರಬೇಕಾದ ಕಾಳಿನ ಮೇಲೆ ಮೊದಲು ಬಿಳಿ, ನಸುಗೆಂಪು ಅಥವಾ ಬೂದಿಬಣ್ಣದ ನವಿರಾದ ಪೊರೆ ಕಾಣಿಸಿ, ಬರಬರುತ್ತ ಅದು ಕಪ್ಪಾಗುತ್ತದೆ. ರೈತರು ಇದನ್ನು ಬೂಷ್ಟು ಎಂದೂ ಕೆಲವೆಡೆ ಬೂಸಲು ಎಂದೂ ಕರೆಯುತ್ತಾರೆ. ಶಾಸ್ತ್ರದ ಹೆಸರು ಶಿಲೀಂಧ್ರ. ಕಾಳು ಕಪ್ಪಾದರೆ ಪೇಟೆಯಲ್ಲಿ ಬೆಲೆ ಬೀಳುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಅದರೊಳಗೆ ವಿಷವೂ ಸೇರಿರಬಹುದೆಂಬುದು ಅಷ್ಟಾಗಿ ತಿಳಿದಿಲ್ಲ. ಹಾಗೆ ಸೇರುವ ಸಂಭವವಿದೆಯೇ ಎಂಬುದನ್ನು ಬೂಷ್ಟಿನ ವಂಶವಾಹಿಯನ್ನೇ ಪರೀಕ್ಷಿಸಿ ತಿಳಿಯುವ ಕ್ರಮವೊಂದು ಕಳೆದ ಮೂರು ದಶಕಗಳಲ್ಲಿ ರೂಪುಗೊಂಡಿದೆ. ಈ ಸಂಚಿಕೆಯಲ್ಲಿ ಅದನ್ನು ಕುರಿತು ಬರೆಯಲು ನಾವು ಉದ್ದೇಶಿಸಿದ್ದೇವೆ.

ಆಯುರ್ವೇದದ ವೈದ್ಯರಿಗೆ ಪ್ರಯೋಗಶಾಲೆಯ ಉಸಾಬರಿ ಏಕೆ ಎಂದು ಸದ್ಭಕ್ತರಲ್ಲಿ ಯಾರಾದರೂ ಕೇಳಬಹುದು. ವಾಗ್ಭಟರ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಏಳನೆಯ ಅಧ್ಯಾಯಕ್ಕೆ ಅನ್ನರಕ್ಷಾ ಎಂದೇ ಹೆಸರು. ಸುಶ್ರುತ ಸಂಹಿತೆಯ ಕಲ್ಪಸ್ಥಾನವೂ ಅನ್ನಪಾನಗಳ ರಕ್ಷಣೆಯ ವಿಷಯದಿಂದಲೇ ಆರಂಭವಾಗುತ್ತದೆ. ವಿಷ ಬೆರೆತ ಅನ್ನವನ್ನು ಅಗ್ನಿಗೆ ಹಾಕಿದರೆ ಜ್ವಾಲೆ ಹೇಗೆ ಕಾಣುತ್ತದೆ, ಹೊಗೆಯ ಬಣ್ಣ ಏನಾಗುತ್ತದೆ, ನೊಣಗಳು ಹೇಗೆ ವರ್ತಿಸುತ್ತವೆ, ಪಕ್ಷಿಗಳಲ್ಲಿ ಯಾವ ವಿಕಾರ ತೋರುತ್ತದೆ ಎಂಬುದನ್ನೆಲ್ಲ ಅಲ್ಲಿ ವಿವರಿಸಲಾಗಿದೆ. ಅದು ರಾಜರ ಪಾಕಶಾಲೆಗಾಗಿ ಬರೆದದ್ದು, ಶತ್ರುಗಳು ಹಾಕಿಸುವ ವಿಷವನ್ನು ಕುರಿತದ್ದು. ನಮ್ಮ ಪ್ರಾಚೀನರಿಗೆ ಈ ಶಿಲೀಂಧ್ರ ವಿಷಗಳ ಪರಿಚಯವಿತ್ತೆಂದು ಹೇಳಲು ನಾವು ಸಿದ್ಧರಿಲ್ಲ. ಇಲ್ಲದ ಹಿರಿಮೆಯನ್ನು ಶಾಸ್ತ್ರಕ್ಕೆ ಅಂಟಿಸುವುದರಿಂದ ಶಾಸ್ತ್ರದ ಗೌರವ ಹೆಚ್ಚುವುದಿಲ್ಲ. ಆದರೆ ಉಣ್ಣುವ ಮೊದಲು ಅನ್ನವನ್ನು ಪರೀಕ್ಷಿಸಬೇಕೆಂಬ ಬುದ್ಧಿ ಅಲ್ಲಿದೆ. ಅಂದು ರಾಜನಿಗೆ ಮಾತ್ರ ಒದಗಿದ್ದ ಆ ರಕ್ಷೆ ಇಂದು ಸಾಮಾನ್ಯರ ರೊಟ್ಟಿಗೂ ಒದಗಬಹುದೇ ಎಂಬುದು ವೈದ್ಯರಾದ ನಮ್ಮೆಲ್ಲರ ಚಿಂತೆಯಾಗಬೇಕು.

ದಖ್ಖನ್ ಪ್ರಸ್ಥಭೂಮಿಯಲ್ಲಿ ನಡೆದದ್ದು

1995ರಲ್ಲಿ ಕರ್ನಾಟಕ ಮತ್ತು ಅಂದಿನ ಆಂಧ್ರಪ್ರದೇಶದ ಕೆಲವು ಹಳ್ಳಿಗಳಲ್ಲಿ ಒಂದು ವಿಚಿತ್ರ ಉದರವ್ಯಾಧಿ ಕಾಣಿಸಿಕೊಂಡಿತು. ರೊಟ್ಟಿ ಉಂಡವರಿಗೆ ಹೊಟ್ಟೆನೋವು, ಹೊಟ್ಟೆಯಲ್ಲಿ ಗುಡುಗುಡು ಸದ್ದು, ಅನಂತರ ಭೇದಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು ಬಂದು 50 ಹಳ್ಳಿಗಳನ್ನು ಸಮೀಕ್ಷಿಸಿದಾಗ 27ರಲ್ಲಿ ಈ ತೊಂದರೆ ಇದ್ದದ್ದು ಕಂಡಿತು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ ಅಥವಾ ಮೆಕ್ಕೆಜೋಳವನ್ನು ಬೀಸಿ ರೊಟ್ಟಿ ಮಾಡಿಕೊಂಡಿದ್ದ ಮನೆಗಳಲ್ಲಿಯೇ ಬೇನೆ ಬಂದಿತ್ತು. ಆ ಮನೆಗಳಿಂದ ತಂದ ಧಾನ್ಯವನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವಕ್ಕೂ ಭೇದಿಯಾಯಿತು. ಪರೀಕ್ಷಿಸಿದ ಧಾನ್ಯದಲ್ಲೆಲ್ಲ ಫ್ಯುಸೇರಿಯಂ ಎಂಬ ಶಿಲೀಂಧ್ರವೇ ಪ್ರಧಾನವಾಗಿತ್ತು; ಫ್ಯುಮೊನಿಸಿನ್ ಎಂಬ ವಿಷ ಜೋಳದಲ್ಲಿ ಕಿಲೋಗ್ರಾಂಗೆ 7.8 ಮಿಲಿಗ್ರಾಂವರೆಗೆ, ಮೆಕ್ಕೆಜೋಳದಲ್ಲಿ 64.7 ಮಿಲಿಗ್ರಾಂವರೆಗೆ ಸಿಕ್ಕಿತು. ಬೇನೆ ಬಾರದ ಮನೆಗಳ ಧಾನ್ಯದಲ್ಲಿ ಅರ್ಧ ಮಿಲಿಗ್ರಾಂ ಕೂಡ ಇರಲಿಲ್ಲ. ಈ ವಿಷವನ್ನು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದೇ 1988ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು ನಮ್ಮ ಹಳ್ಳಿಗಳಲ್ಲಿ ಇಂಥ ಭೇದಿ ಬಂದಿದ್ದರೆ ಅದನ್ನು ನೀರಿನ ದೋಷವೆಂದೋ ಅಜೀರ್ಣವೆಂದೋ ಬರೆದಿಟ್ಟು ಮುಗಿಸುತ್ತಿದ್ದರು.

ಇದು ಸೌಮ್ಯವಾದ ಪ್ರಸಂಗ. ಇದಕ್ಕಿಂತ ಘೋರವಾದದ್ದು 1974ರಲ್ಲಿ ರಾಜಸ್ಥಾನದ ಬಾಂಸವಾಡಾ ಮತ್ತು ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ನಡೆಯಿತು. ಅಲ್ಲಿನ ಬಡ ಆದಿವಾಸಿಗಳ ಮುಖ್ಯ ಆಹಾರ ಮೆಕ್ಕೆಜೋಳ. ಅಕಾಲದ ಮಳೆಯಲ್ಲಿ ತೊಯ್ದ ತೆನೆಗಳನ್ನೇ ಅವರು ಮನೆಯಲ್ಲಿ ಕೂಡಿಟ್ಟು ಉಂಡರು. ಕಾಮಾಲೆ ಬಂದು, ಹೊಟ್ಟೆಯಲ್ಲಿ ನೀರು ತುಂಬಿ, 397 ಜನ ರೋಗಿಗಳಲ್ಲಿ 106 ಜನ ತೀರಿಕೊಂಡರು. ಅದೇ ಮನೆಗಳ ನಾಯಿಗಳೂ ಸತ್ತವು. ಇದರಿಂದಲೇ ಇದು ಅಂಟುರೋಗವಲ್ಲ, ಉಂಡದ್ದರ ದೋಷ ಎಂಬ ಸಂಶಯ ಬಲವಾಯಿತು. ಆ ಮೆಕ್ಕೆಜೋಳದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವು ಕಿಲೋಗ್ರಾಂಗೆ 15.6 ಮಿಲಿಗ್ರಾಂವರೆಗೆ ಇತ್ತು.

ಈ ಅಂಕಿ ಚಿಕ್ಕದೆಂದು ತೋರೀತು. ಇಂದು ನಮ್ಮ ದೇಶದ ಆಹಾರ ಕಾಯಿದೆಯು ಧಾನ್ಯದಲ್ಲಿ ಸೈರಿಸುವ ಅಫ್ಲಟಾಕ್ಸಿನ್ನಿನ ಮಿತಿ ಕಿಲೋಗ್ರಾಂಗೆ 15 ಮೈಕ್ರೊಗ್ರಾಂ. ಎಂದರೆ ಒಂದು ಕ್ವಿಂಟಲ್ ಚೀಲದಲ್ಲಿ ಒಂದೂವರೆ ಮಿಲಿಗ್ರಾಂ, ಒಂದು ಸಾಸಿವೆಕಾಳಿನ ತೂಕಕ್ಕಿಂತಲೂ ಕಡಿಮೆ. ಬಾಂಸವಾಡಾದ ಮನೆಗಳಲ್ಲಿ ಇದ್ದದ್ದು ಅದರ ಸಾವಿರ ಪಟ್ಟು.

ಅಫ್ಲಟಾಕ್ಸಿನ್ನಿಗೆ ಆ ಹೆಸರು ಬಂದದ್ದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು ಮಿಶ್ರಿತ ಹಳದಿ ಬೂಷ್ಟಿನಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತಾಗ, ಬ್ರೆಜಿಲಿನಿಂದ ತರಿಸಿದ್ದ ಶೇಂಗಾ ಹಿಂಡಿಯನ್ನು ಶೋಧಿಸಿದವರು ಅದರಲ್ಲಿ ಈ ವಿಷವನ್ನು ಕಂಡರು. ಈ ಪಂಗಡಕ್ಕೆ ಸೇರಿದ ವಿಷಗಳು ಇನ್ನೂ ಹಲವು. 1987ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಮಳೆಗೆ ಸಿಕ್ಕ ಗೋಧಿಯ ರೊಟ್ಟಿಯಿಂದ ಬಂದ ಉದರವ್ಯಾಧಿಗೆ ಟ್ರೈಕೊಥಿಸೀನ್ ಎಂಬ ವಿಷ ಕಾರಣವಾಗಿತ್ತು. ಸಜ್ಜೆಯ ತೆನೆಗೆ ಬರುವ ಅರ್ಗಟ್ ಬೇರೆ ಜಾತಿಯದು. ಅದು ವಾಂತಿ, ತಲೆಸುತ್ತು ತರುತ್ತದೆ. ಯುರೋಪಿನ ರೈ ಧಾನ್ಯದ ಅರ್ಗಟ್ಟಿನಿಂದ ಮಧ್ಯಯುಗದಲ್ಲಿ ಕೈಕಾಲುಗಳು ಕೊಳೆತು ಜನ ಸತ್ತರು. ಅದೇ ಅರ್ಗಟ್ಟಿನಿಂದ ಪಡೆದ ಔಷಧವು ಇಂದು ಹೆರಿಗೆಯ ರಕ್ತಸ್ರಾವ ನಿಲ್ಲಿಸಿ ತಾಯಂದಿರನ್ನು ಉಳಿಸುತ್ತಿದೆ. ವಿಷವೇ ಯುಕ್ತಿಯಿಂದ ಔಷಧವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು. ಆ ವಿಷಯ ಇಲ್ಲಿಗೆ ಸಾಕು.

ಕಣ್ಣಿಗೆ ಕಾಣುವುದು, ಕಾಣದಿರುವುದು

ಬೂಷ್ಟು ಕಂಡಲ್ಲೆಲ್ಲ ವಿಷವಿರುತ್ತದೆ ಎಂದಲ್ಲ. ಬೂಷ್ಟು ಕಾಣದಿದ್ದ ಮಾತ್ರಕ್ಕೆ ವಿಷವಿಲ್ಲವೆಂದೂ ಅಲ್ಲ. ಕಾಳಿನ ಒಳಗೆ ಬೆಳೆದ ಶಿಲೀಂಧ್ರ ಹೊರಗೆ ತೋರದಿರಬಹುದು. ಶಿಲೀಂಧ್ರ ಸತ್ತುಹೋದ ಮೇಲೂ ಅದು ಬಿಟ್ಟ ವಿಷ ಉಳಿದಿರುತ್ತದೆ. ಇನ್ನು ಕಂಡ ಬೂಷ್ಟಿನಲ್ಲಿಯೂ ಒಂದೇ ಜಾತಿಯ ಎರಡು ಕುಲಗಳಲ್ಲಿ ಒಂದು ವಿಷ ಮಾಡುತ್ತದೆ, ಇನ್ನೊಂದು ಮಾಡುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೂ ಇವೆರಡರ ರೂಪ ಒಂದೇ.

ನಮ್ಮ ಜೋಳದ ವಿಷಯದಲ್ಲಿಯೇ ಇದಕ್ಕೊಂದು ಉದಾಹರಣೆಯಿದೆ. ಜೋಳ, ಮೆಕ್ಕೆಜೋಳಗಳೆರಡಕ್ಕೂ ಬರುವ ನಸುಗೆಂಪು ಬೂಷ್ಟನ್ನು ಬಹುಕಾಲ ಫ್ಯುಸೇರಿಯಂ ಮೊನಿಲಿಫಾರ್ಮೆ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಕುಲಶೋಧನೆ ಮಾಡಿ ನೋಡಿದಾಗ ಆ ಒಂದು ಹೆಸರಿನಡಿ ಹಲವು ಜಾತಿಗಳು ಅಡಗಿದ್ದವು. ಮೆಕ್ಕೆಜೋಳದಲ್ಲಿ ಹೆಚ್ಚಾಗಿ ಸಿಗುವ ಫ್ಯುಸೇರಿಯಂ ವರ್ಟಿಸಿಲಿಯಾಯ್ಡೀಸ್ ಫ್ಯುಮೊನಿಸಿನ್ನನ್ನು ಧಾರಾಳವಾಗಿ ತಯಾರಿಸುತ್ತದೆ. ಜೋಳದಲ್ಲಿ ಹೆಚ್ಚಾಗಿ ಸಿಗುವ, 1997ರಲ್ಲಿ ಪ್ರತ್ಯೇಕ ಜಾತಿಯೆಂದು ಹೆಸರು ಪಡೆದ ಫ್ಯುಸೇರಿಯಂ ಥ್ಯಾಪ್ಸಿನಮ್ ಆ ವಿಷವನ್ನು ಅತ್ಯಲ್ಪವಾಗಿ ಮಾತ್ರ ಮಾಡುತ್ತದೆ. ಆದರೆ ಮೊನಿಲಿಫಾರ್ಮಿನ್ ಎಂಬ ಬೇರೊಂದು ವಿಷವನ್ನು ಮಾಡುತ್ತದೆ. ಹೀಗಾಗಿ ಜೋಳದ ಚೀಲದಲ್ಲಿ ಬೆಳೆದದ್ದು ಯಾವುದು ಎಂಬುದರ ಮೇಲೆ ಉಣ್ಣುವವರ ಕ್ಷೇಮ ನಿಂತಿದೆ, ಮತ್ತು ಅದನ್ನು ಕಣ್ಣು ಹೇಳಲಾರದು.

ಹೇಳಬಲ್ಲದ್ದು ವಂಶವಾಹಿ. ಅಫ್ಲಟಾಕ್ಸಿನ್ ತಯಾರಾಗಲು ಶಿಲೀಂಧ್ರದೊಳಗೆ ಇಪ್ಪತ್ತೈದಕ್ಕೂ ಹೆಚ್ಚು ವಂಶವಾಹಿಗಳು ಒಂದರ ಪಕ್ಕ ಒಂದು ಗುಂಪಾಗಿ ಕುಳಿತಿವೆ. ಪ್ರತಿಯೊಂದೂ ಒಂದೊಂದು ಹಂತದ ಕೆಲಸ ಮಾಡುತ್ತದೆ. ನಮ್ಮಲ್ಲಿ ಭಸ್ಮ ತಯಾರಿಸುವಾಗ ಶೋಧನ, ಮಾರಣ, ಪುಟದ ಮೇಲೆ ಪುಟ ಎಂದು ಕ್ರಮವಿರುತ್ತದಷ್ಟೆ; ನಡುವಿನ ಒಂದು ಸಂಸ್ಕಾರ ತಪ್ಪಿದರೆ ಭಸ್ಮ ಸಿದ್ಧಿಸುವುದಿಲ್ಲ. ವಿಷದ ತಯಾರಿಕೆಯೂ ಹಾಗೆಯೇ. ಅಫ್ಲ್-ಆರ್ ಎಂಬ ವಂಶವಾಹಿ ಉಳಿದವುಗಳನ್ನು ಕೆಲಸಕ್ಕೆ ಎಬ್ಬಿಸುವ ಯಜಮಾನನಿದ್ದಂತೆ. ಫ್ಯುಮೊನಿಸಿನ್ನಿಗೆ ಫಮ್-1, ಟ್ರೈಕೊಥಿಸೀನಿಗೆ ಟ್ರೈ-5 ಎಂಬ ವಂಶವಾಹಿಗಳು ಮೊದಲ ಹೆಜ್ಜೆಯವು. ಇವುಗಳನ್ನು ಹುಡುಕುವುದೇ ಈ ಪರೀಕ್ಷೆಯ ತಿರುಳು.

ಹುಡುಕುವ ವಿಧಾನದ ಹೆಸರು ಈಗ ಹಳ್ಳಿಹಳ್ಳಿಗೂ ಗೊತ್ತು. ಕೊರೋನಾ ಕಾಲದಲ್ಲಿ ಮೂಗಿನ ದ್ರವ ತೆಗೆದು ಮಾಡಿದರಲ್ಲ, ಆ ಪಿ.ಸಿ.ಆರ್. ಪರೀಕ್ಷೆಯೇ. ಅಮೆರಿಕದ ಕ್ಯಾರಿ ಮುಲ್ಲಿಸ್ 1983ರಲ್ಲಿ ಇದನ್ನು ಕಂಡುಹಿಡಿದರು, 1993ರಲ್ಲಿ ಇದಕ್ಕಾಗಿ ನೊಬೆಲ್ ಪಾರಿತೋಷಕ ಪಡೆದರು. ಧಾನ್ಯವನ್ನು ನುಣ್ಣಗೆ ಬೀಸಿ, ಆ ಹಿಟ್ಟಿನಿಂದ ಡಿ.ಎನ್.ಎ.ಯನ್ನು ಬೇರ್ಪಡಿಸುತ್ತಾರೆ. ಅದರಲ್ಲಿ ಜೋಳದ ಡಿ.ಎನ್.ಎ. ಬಹಳ, ಬೂಷ್ಟಿನದು ಲವಲೇಶ. ತಮಗೆ ಬೇಕಾದ ವಂಶವಾಹಿಯ ಎರಡು ತುದಿಗಳಿಗೆ ಮಾತ್ರ ಹೊಂದಿಕೊಳ್ಳುವ ಚಿಕ್ಕ ಡಿ.ಎನ್.ಎ. ತುಣುಕುಗಳನ್ನು ಬೆರೆಸಿ, ಯಂತ್ರದಲ್ಲಿಟ್ಟು ಕಾಯಿಸುವುದು, ತಣಿಸುವುದು, ಮತ್ತೆ ಕಾಯಿಸುವುದು. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಮೂವತ್ತು ಸುತ್ತು ಮುಗಿಯುವಷ್ಟರಲ್ಲಿ ಒಂದು ಪ್ರತಿಯಿಂದ ನೂರು ಕೋಟಿಗೂ ಮೀರಿದ ಪ್ರತಿಗಳಾಗುತ್ತವೆ. ಹುಡುಕಿದ ವಂಶವಾಹಿ ಹಿಟ್ಟಿನಲ್ಲಿ ಇಲ್ಲದಿದ್ದರೆ ಏನೂ ಬೆಳೆಯುವುದಿಲ್ಲ. ಕೆಲವೇ ತಾಸುಗಳ ಕೆಲಸ. ಹಿಂದಿನ ಕ್ರಮದಲ್ಲಿ ಕಾಳನ್ನು ತಟ್ಟೆಯಲ್ಲಿಟ್ಟು ಬೂಷ್ಟು ಬೆಳೆಸಿ ಗುರುತಿಸಲು ವಾರಗಳೇ ಬೇಕಾಗುತ್ತಿದ್ದವು. ಒಂದೇ ನಳಿಕೆಯಲ್ಲಿ ಹಲವು ವಂಶವಾಹಿಗಳನ್ನು ಒಟ್ಟಿಗೆ ಹುಡುಕುವ ಬಹುವಿಧ ಪಿ.ಸಿ.ಆರ್. ಕೂಡ ಇದೆ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ವಿಜ್ಞಾನಿಗಳೇ ಧಾನ್ಯದ ವಿಷಕಾರಿ ಶಿಲೀಂಧ್ರಗಳಿಗಾಗಿ ಇಂಥ ಪರೀಕ್ಷೆಗಳನ್ನು ರೂಪಿಸಿದ್ದಾರೆ.

ಇದರ ದೊಡ್ಡ ಪ್ರಯೋಜನವೆಂದರೆ, ವಿಷ ಉಂಟಾಗುವ ಮೊದಲೇ, ಬೆಳೆ ಹೊಲದಲ್ಲಿರುವಾಗಲೇ, ವಿಷ ಮಾಡಬಲ್ಲ ಕುಲ ಅಲ್ಲಿದೆಯೆಂದು ತಿಳಿಯಬಹುದು. ಆಗ ಕೊಯ್ಲನ್ನು ಬೇಗ ಮುಗಿಸುವುದು, ಒಣಗಿಸುವುದಕ್ಕೆ ಹೆಚ್ಚು ನಿಗಾ ಕೊಡುವುದು ಸಾಧ್ಯ.

ಇಷ್ಟು ಹೇಳಿದ ಮೇಲೆ ಇದರ ಮಿತಿಯನ್ನೂ ಹೇಳಬೇಕು, ಏಕೆಂದರೆ ವಂಶವಾಹಿ ಎಂಬ ಶಬ್ದ ಕೇಳಿದೊಡನೆ ಅದೇ ಕೊನೆಯ ಮಾತೆಂದು ನಂಬುವ ಪ್ರವೃತ್ತಿ ಬೆಳೆಯುತ್ತಿದೆ. ವಂಶವಾಹಿ ಇದೆಯೆಂದರೆ ವಿಷ ಇದೆಯೆಂದಲ್ಲ. ಜಪಾನಿನಲ್ಲಿ ಸೋಯಾ ಸಾಸ್, ಮಿಸೊ ಮೊದಲಾದವನ್ನು ಹುದುಗಿಸಲು ನೂರಾರು ವರ್ಷಗಳಿಂದ ಬಳಸುವ ಬೂಷ್ಟು ಆಸ್ಪರ್ಜಿಲಸ್ ಒರೈಝೇ. ಅದು ಆಸ್ಪರ್ಜಿಲಸ್ ಫ್ಲೇವಸ್‌ನ ಅತಿ ಹತ್ತಿರದ ಬಂಧು. ಅದರ ಕುಲಗಳಲ್ಲಿ ಅಫ್ಲಟಾಕ್ಸಿನ್ನಿನ ವಂಶವಾಹಿಗಳು ಕೂಡ ಸಿಗುತ್ತವೆ. ಆದರೆ ಅವು ಮಲಗಿವೆ, ವಿಷ ಹುಟ್ಟುವುದಿಲ್ಲ. ಅಮೆರಿಕದ ಅರಿಝೋನಾದಲ್ಲಿ ಇನ್ನೊಂದು ಸೋಜಿಗ: ಎ.ಎಫ್.-36 ಎಂಬ ಹೆಸರಿನ ಆಸ್ಪರ್ಜಿಲಸ್ ಫ್ಲೇವಸ್ ಕುಲದಲ್ಲಿ ವಿಷದ ಒಂದು ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿದೆ, ಅಷ್ಟಕ್ಕೇ ತಯಾರಿಕೆ ನಿಂತಿದೆ. ಆ ನಿರ್ವಿಷ ಬೂಷ್ಟನ್ನು ಧಾನ್ಯದ ಕಾಳುಗಳ ಮೇಲೆ ಬೆಳೆಸಿ ಹತ್ತಿಯ ಹೊಲಗಳಲ್ಲಿ ಚೆಲ್ಲುತ್ತಾರೆ. ಅದು ವಿಷಕಾರಿ ಬೂಷ್ಟಿಗೆ ಜಾಗ ಬಿಡುವುದಿಲ್ಲ. ಆಫ್ರಿಕದ ದೇಶಗಳಲ್ಲಿ ಮೆಕ್ಕೆಜೋಳ, ಶೇಂಗಾ ಹೊಲಗಳಿಗೆ ಇದೇ ತತ್ತ್ವದ ಮೇಲೆ ಅಫ್ಲಸೇಫ್ ಎಂಬುದನ್ನು ಬಳಸುತ್ತಾರೆ. ಒರಟಾದ ವಂಶವಾಹಿ ಪರೀಕ್ಷೆಯೊಂದು ಈ ಉಪಕಾರಿ ಬೂಷ್ಟನ್ನೂ ವಿಷಕಾರಿಯೆಂದೇ ಹೇಳಿಬಿಡಬಹುದು. ವಿಷವೇ ಇದೆಯೇ, ಎಷ್ಟಿದೆ ಎಂದು ತಿಳಿಯಲು ರಾಸಾಯನಿಕ ಪರೀಕ್ಷೆಯೇ ಬೇಕು. ಎರಡೂ ಒಂದಕ್ಕೊಂದು ಪೂರಕ.

ಎರಡಕ್ಕೂ ಸಮಾನವಾದ ಒಂದು ಕಷ್ಟವಿದೆ. ಅದು ಮಾದರಿ ತೆಗೆಯುವುದು. ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ಗಾಢವಾಗಿರುತ್ತದೆ. ಒಂದೇ ಮೆಕ್ಕೆಜೋಳದ ಕಾಳಿನಲ್ಲಿ ಕಿಲೋಗ್ರಾಂಗೆ 400 ಮಿಲಿಗ್ರಾಂ ಲೆಕ್ಕದಲ್ಲಿ ಅಫ್ಲಟಾಕ್ಸಿನ್ ಸಿಕ್ಕ ದಾಖಲೆಯಿದೆ. ಕಾಳಿನ ತೂಕ ಒಂದು ಗ್ರಾಮಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯೆಂದು ಹಿಡಿದರೂ, ಅಂಥ ಒಂದು ಕಾಳು ಸುಮಾರು ಎಂಟು ಕಿಲೋ ಶುದ್ಧ ಧಾನ್ಯವನ್ನು ಕಾಯಿದೆಯ ಮಿತಿಗೆ ತಂದು ನಿಲ್ಲಿಸುತ್ತದೆ. ಚೀಲದ ಬಾಯಿಂದ ಒಂದು ಹಿಡಿ ತೆಗೆದು ಕಳಿಸಿದರೆ ಆ ಕಾಳು ಅದರಲ್ಲಿ ಬಂದೀತೆಂಬ ಭರವಸೆ ಏನು? ಆದ್ದರಿಂದ ಚೀಲದ ಮೇಲೆ, ನಡುವೆ, ತಳದಲ್ಲಿ, ಹಲವು ಚೀಲಗಳಿಂದ ಸ್ವಲ್ಪಸ್ವಲ್ಪ ತೆಗೆದು, ಕೆಲವು ಕಿಲೋ ಕೂಡಿಸಿ, ಎಲ್ಲವನ್ನೂ ಬೀಸಿ ಬೆರೆಸಿ, ಅದರಲ್ಲಿ ಒಂದು ಪಾಲನ್ನು ಪರೀಕ್ಷೆಗೆ ಕೊಡಬೇಕು. ಯಂತ್ರ ಎಷ್ಟು ಸೂಕ್ಷ್ಮವಾಗಿದ್ದರೂ ತಪ್ಪಾಗಿ ತೆಗೆದ ಹಿಡಿಯನ್ನು ಅದು ಸರಿಪಡಿಸಲಾರದು.

ಕಪ್ಪು ಕಾಳು ಯಾರ ಪಾಲಿಗೆ?

ಇಲ್ಲಿ ನಾವು ಒಂದು ನಿಷ್ಠುರದ ಮಾತನ್ನು ಹೇಳಲೇಬೇಕಾಗಿದೆ. ಮಳೆಗೆ ಸಿಕ್ಕ ಬೆಳೆ ಬಂದ ವರ್ಷ, ಬಿಳಿ ಕಾಳು ಪೇಟೆಗೆ ಹೋಗುತ್ತದೆ. ಕಪ್ಪು ಕಾಳು ಎಲ್ಲಿಗೆ? ಕೆಲವು ಮನೆಗಳಲ್ಲಿ ಅದು ಮನೆಯ ರೊಟ್ಟಿಗೆ. ಬಡತನದ ಮುಂದೆ ಉಪದೇಶ ನಡೆಯುವುದಿಲ್ಲವೆಂಬುದನ್ನು ನಾವು ಬಲ್ಲೆವು. ಆದರೆ ಕೆಲವು ಅನುಕೂಲಸ್ಥರ ಮನೆಗಳಲ್ಲಿ ಅದನ್ನು ಕೂಲಿಯವರಿಗೆ ಕಾಳಿನ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ, ಇಲ್ಲವೆ ದಾನವೆಂದು ಕೊಡುತ್ತಾರೆ. 1974ರಲ್ಲಿ ಸತ್ತವರೂ ಬೇರೆ ಧಾನ್ಯ ಕೊಳ್ಳಲು ಗತಿಯಿಲ್ಲದವರೇ ಆಗಿದ್ದರು. ತಾನು ಉಣ್ಣಲಾರದ್ದನ್ನು ಇನ್ನೊಬ್ಬರಿಗೆ ಅಳೆದು ಕೊಡುವುದು ಕಾಯಕವೂ ಅಲ್ಲ, ದಾಸೋಹವೂ ಅಲ್ಲ.

ದಾಸೋಹದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಸುಗ್ಗಿ ಮುಗಿದ ಮೇಲೆ ಮಠಗಳ ದಾಸೋಹಕ್ಕೆ ಭಕ್ತರು ಚೀಲಗಟ್ಟಲೆ ಜೋಳ, ಗೋಧಿ ಸಮರ್ಪಿಸುವುದು ನಡೆದುಬಂದ ಪದ್ಧತಿ. ನೂರು ಹೊಲಗಳ ಕಾಳು ಒಂದೇ ಉಗ್ರಾಣದಲ್ಲಿ ಸೇರುತ್ತದೆ. ಹಸಿಯಾಗಿ ಬಂದ ಒಂದು ಚೀಲದಿಂದ ಪಕ್ಕದ ಚೀಲಗಳಿಗೂ ತೇವ ಹತ್ತುತ್ತದೆ. ಪಂಕ್ತಿಯಲ್ಲಿ ಕೂರುವವರಲ್ಲಿ ಉಚಿತ ಪ್ರಸಾದ ನಿಲಯಗಳ ಮಕ್ಕಳು ಬಹಳ. ಅವರು ವರ್ಷವಿಡೀ ಅದೇ ಉಗ್ರಾಣದ ಕಾಳನ್ನು ಉಣ್ಣುತ್ತಾರೆ. ದೇಹದ ತೂಕ ಕಡಿಮೆಯಿದ್ದವರಿಗೆ ಅದೇ ಪ್ರಮಾಣದ ವಿಷ ಹೆಚ್ಚು ಬಾಧಿಸುತ್ತದೆ. ಆದಕಾರಣ ಬಂದ ಚೀಲಗಳನ್ನು ಕೂಡಲೇ ರಾಶಿಗೆ ಸುರಿಯದೆ, ಊರಿನ ಹೆಸರು ಬರೆದು ಕೆಲ ದಿನ ಬೇರೆಯಿಟ್ಟು, ಒಣಗಿದೆಯೇ, ಬಣ್ಣ ವಾಸನೆಗಳು ಸರಿಯಿವೆಯೇ ಎಂದು ನೋಡಿ ಒಳಗೆ ಸೇರಿಸಬೇಕೆಂದು ಉಗ್ರಾಣದ ಸೇವೆಯಲ್ಲಿರುವವರನ್ನು ನಾವು ವಿನಂತಿಸುತ್ತೇವೆ. ಸಂಶಯ ಬಂದ ಧಾನ್ಯವನ್ನು ಪರೀಕ್ಷೆಗೆ ಕಳಿಸುವುದು ಒಬ್ಬ ರೈತನಿಗೆ ಹೊರೆ. ಸಾವಿರ ಜನ ಉಣ್ಣುವ ಉಗ್ರಾಣಕ್ಕೆ ಹೊರೆಯಲ್ಲ. ವಿಷದ ಪ್ರಮಾಣವನ್ನು ಅಳೆಯುವ ಕಿಟ್‌ಗಳು, ಕೆಲವೇ ನಿಮಿಷಗಳಲ್ಲಿ ಗೆರೆ ಮೂಡಿಸುವ ಪಟ್ಟಿಗಳು ಈಗ ದೊರೆಯುತ್ತವೆ. ಅಫ್ಲಟಾಕ್ಸಿನ್ನಿಗಾಗಿ ಅಗ್ಗದ ಎಲೈಸಾ ಪರೀಕ್ಷೆಯನ್ನು ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಬಹಳ ಹಿಂದೆಯೇ ಸಿದ್ಧಪಡಿಸಿತು.

ಹಿಂಗಾರಿ ಜೋಳದ ಭಾಗ್ಯ

ನಮ್ಮ ಭಾಗದ ಹಿರಿಯರು ಉಣ್ಣಲು ಹಿಂಗಾರಿ ಜೋಳವನ್ನೇ ಏಕೆ ಬಯಸಿದರು ಎಂಬುದಕ್ಕೆ ರುಚಿಯೊಂದೇ ಕಾರಣವಲ್ಲ. ಮಾಲದಂಡಿಯಂಥ ತಳಿ ಮಳೆ ಹೋದ ಮೇಲೆ, ನೆಲದಲ್ಲಿ ಉಳಿದ ಹಸಿಯ ಮೇಲೆ ಬೆಳೆದು, ಚಳಿಗಾಲದ ಒಣಹವೆಯಲ್ಲಿ ಬಲಿಯುತ್ತದೆ. ತೆನೆಗೆ ಮಳೆ ಸಿಗುವುದು ಅಪರೂಪ. ಆದ್ದರಿಂದ ಕಾಳು ಮುತ್ತಿನಂತೆ ಬೆಳ್ಳಗೆ. ಹೆಚ್ಚು ಇಳುವರಿಯ, ಬೇಗ ಬರುವ ಮುಂಗಾರಿ ಹೈಬ್ರಿಡ್‌ಗಳು ಬಂದ ಮೇಲೆ ಕಾಳು ಬಲಿಯುವ ಕಾಲವೂ ಮಳೆಯ ಕಾಲವೂ ಒಂದಾದವು. ಇಳುವರಿಯಿಂದ ಹಸಿವು ಹಿಂಗಿದ್ದು ನಿಜ, ಅದನ್ನು ಹೀಯಾಳಿಸುವುದು ಸಲ್ಲದು. ಆದರೆ ಬೂಷ್ಟಿನ ಉಪಟಳ ಹೆಚ್ಚಿದ್ದೂ ಅಷ್ಟೇ ನಿಜ.

ಹಗೇವಿನ ಮಾತನ್ನೂ ಇಲ್ಲಿ ಹೇಳಬಹುದು. ನೆಲದೊಳಗಿನ ಆ ಕಣಜದ ಗೋಡೆಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ತೆರೆದ ದಿನ ಯಾರೂ ತಟ್ಟನೆ ಒಳಗೆ ಇಳಿಯುವಂತಿರಲಿಲ್ಲ, ಕಂದೀಲು ಇಳಿಸಿ ಅದು ಆರದೆ ಉರಿಯುತ್ತದೆಯೇ ಎಂದು ನೋಡಿ ಇಳಿಯಬೇಕಾಗಿತ್ತು. ಒಳಗೆ ಪ್ರಾಣವಾಯು ಮುಗಿದಿರುತ್ತಿದ್ದುದೇ ಅದಕ್ಕೆ ಕಾರಣ. ಪ್ರಾಣವಾಯು ಇಲ್ಲದೆಡೆ ಹುಳುವೂ ಬಾಳದು, ಬೂಷ್ಟೂ ಸರಿಯಾಗಿ ಬೆಳೆಯದು. ಆದರೆ ನೀರು ಇಂಗಿದ ಹಗೇವಿನಲ್ಲಿ ಗೋಡೆಯ ಪಕ್ಕದ ಜೋಳ ಕೆಟ್ಟು ಗಟ್ಟಿಕಟ್ಟುತ್ತಿತ್ತು, ಆ ಭಾಗವನ್ನು ಬಿಟ್ಟೇ ತೆಗೆಯುತ್ತಿದ್ದರು. ಇಂದು ಹಗೇವು ಇಲ್ಲ, ಪ್ಲಾಸ್ಟಿಕ್ ಚೀಲ ಬಂದಿದೆ. ಅರೆಬರೆ ಒಣಗಿದ ಕಾಳನ್ನು ಅದರಲ್ಲಿ ಕಟ್ಟಿ ಸಿಮೆಂಟಿನ ನೆಲದ ಮೇಲೆ ಗೋಡೆಗೆ ಒರಗಿಸಿ ಇಟ್ಟರೆ ಒಳಗಿನ ತೇವಕ್ಕೆ ಹೊರಬರುವ ದಾರಿಯೇ ಇರುವುದಿಲ್ಲ. ಆಯುರ್ವೇದವು ಹೊಸ ಧಾನ್ಯ ಗುರು, ಕಫಕರ, ಒಂದು ವರ್ಷ ಕಳೆದದ್ದು ಲಘು, ಪಥ್ಯ ಎನ್ನುತ್ತದೆ. ಈ ಮಾತು ಒಣಗಿಸಿ ಕಾಪಾಡಿದ ಹಳೆಯ ಧಾನ್ಯಕ್ಕೆ ಸಲ್ಲುತ್ತದೆ. ಮೂಲೆಯಲ್ಲಿ ಮುಗ್ಗಿದ ಹಳೆಯ ಧಾನ್ಯಕ್ಕಲ್ಲ. ಶೇಕಡ 12ರಷ್ಟಕ್ಕೆ ತೇವ ಇಳಿಯುವಂತೆ ಒಣಗಿಸಿ, ನೆಲದಿಂದ ಮೇಲೆ ಹಲಗೆಯ ಮೇಲಿಟ್ಟ ಕಾಳಿನಲ್ಲಿ ಹೊಸದಾಗಿ ವಿಷ ಹುಟ್ಟುವ ಭಯವಿಲ್ಲ.

ಮನೆಯಲ್ಲಿ ಮಾಡಬಹುದಾದ ಶೋಧನೆಗಳಲ್ಲಿ ಮೊರ ಹಿಡಿದು ಹಸನು ಮಾಡುವುದೇ ಶ್ರೇಷ್ಠ. ಬಣ್ಣಗೆಟ್ಟ, ಮುರುಕಾದ, ಹಗುರಾದ, ಹುಳುಕು ಕಾಳುಗಳಲ್ಲಿಯೇ ವಿಷ ಹೆಚ್ಚಾಗಿ ಸೇರಿರುತ್ತದೆ. ಅವನ್ನು ತೆಗೆದುಹಾಕಿದರೆ ದೊಡ್ಡ ಪಾಲು ಹೋದಂತೆಯೇ. ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಪ್ಪುನೀರಿಗೆ ಹಾಕಿ, ತೇಲಿದ್ದನ್ನು ಬೇರ್ಪಡಿಸುವ ಸುಲಭ ಕ್ರಮವನ್ನು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಫ್ಯುಮೊನಿಸಿನ್ ತುಂಬಿದ ಕಾಳು ಹಗುರಾಗಿ ತೇಲುತ್ತದೆ. ಮುಳುಗಿದ್ದನ್ನು ತೊಳೆದು ಚೆನ್ನಾಗಿ ಬಿಸಿಲಿಗೆ ಒಣಗಿಸಿ ಬಳಸಬೇಕು. ಹೆಂಚಿನ ಮೇಲೆ ರೊಟ್ಟಿ ಬೇಯಿಸಿದರೆ ಎಲ್ಲ ಸುಟ್ಟುಹೋಗುತ್ತದೆಂಬ ನಂಬಿಕೆ ತಪ್ಪು: ಬೂಷ್ಟು ಸಾಯುತ್ತದೆ, ಅಫ್ಲಟಾಕ್ಸಿನ್ ಬಹುಪಾಲು ಉಳಿಯುತ್ತದೆ.

ನಮ್ಮ ಚಿಕಿತ್ಸಾಲಯಕ್ಕೆ ಕಾಮಾಲೆಯವರು ಬಂದು ನೆಲನೆಲ್ಲಿಯ ರಸ ಕೇಳುತ್ತಾರೆ. ಕಾಮಾಲೆಗೆ ಕಾರಣಗಳು ಹಲವು, ಬಹುತೇಕ ವೈರಾಣುಗಳದ್ದು. ಎಲ್ಲವನ್ನೂ ಬೂಷ್ಟಿಗೆ ಹೊರಿಸಲಾಗದು. ಆದರೆ ಮಳೆಗಾಲದ ಕೊನೆಯಲ್ಲಿ, ಒಂದೇ ಮನೆಯ ಮೂರು ನಾಲ್ಕು ಜನಕ್ಕೆ ಒಟ್ಟಿಗೆ ಕಾಮಾಲೆಯೋ ಭೇದಿಯೋ ಬಂದಾಗ, ಆ ಮನೆಯ ಹಿಟ್ಟಿನ ಡಬ್ಬಿಯನ್ನು ತರಿಸಿ ನೋಡುವುದು ನಾವು ಇಟ್ಟುಕೊಂಡಿರುವ ನಿಯಮ. ನಿದಾನ ಪರಿವರ್ಜನವೇ ಚಿಕಿತ್ಸೆಯ ಮೊದಲ ಹೆಜ್ಜೆ. ಆ ಧಾನ್ಯ ನಿಲ್ಲದೆ ಯಾವ ಕಷಾಯವೂ ಕೆಲಸ ಮಾಡದು. ಅಫ್ಲಟಾಕ್ಸಿನ್ನಿಗೆ ಪ್ರತಿವಿಷವೆಂದು ಸಿದ್ಧವಾದ ಮೂಲಿಕೆ ಯಾವುದೂ ಇಲ್ಲ. ಇದೆಯೆಂದು ಮಾರುವವರನ್ನು ನಂಬಬೇಡಿರಿ. ಸೊಪ್ಪು, ಬೇರು, ಬೀಜಗಳ ರೂಪದ ನಮ್ಮ ಔಷಧದ್ರವ್ಯಗಳಿಗೂ ಇದೇ ಬೂಷ್ಟು ಬರುತ್ತದೆಂಬುದನ್ನು ವೈದ್ಯರು ಮರೆಯಬಾರದು.

ಒಮ್ಮೆಲೆ ಕೊಲ್ಲದೆ, ಅಲ್ಪಅಲ್ಪವಾಗಿ ವರ್ಷಗಟ್ಟಲೆ ಸೇರುವ ವಿಷದ ಪರಿಣಾಮ ಬೇರೆ. ಸುಶ್ರುತರು ದೂಷೀವಿಷವೆಂದು ಹೇಳಿದ, ದೇಹದಲ್ಲಿ ಅಡಗಿದ್ದು ಕಾಲಾಂತರದಲ್ಲಿ ಕೆರಳುವ ವಿಷದ ಕಲ್ಪನೆಯನ್ನು ಓದಿದಾಗ ನಮಗೆ ಇದರ ನೆನಪಾಗುತ್ತದೆ. ಅಫ್ಲಟಾಕ್ಸಿನ್ ಯಕೃತ್ತಿನ ಅರ್ಬುದಕ್ಕೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ನಿಸ್ಸಂಶಯವಾಗಿ ಹೇಳಿದೆ. 1991ರಲ್ಲಿ ಚೀನದ ಚಿಡಾಂಗ್ ಪ್ರದೇಶ ಮತ್ತು ದಕ್ಷಿಣ ಆಫ್ರಿಕದ ರೋಗಿಗಳ ಯಕೃತ್ತಿನ ಗೆಡ್ಡೆಗಳನ್ನು ಪರೀಕ್ಷಿಸಿದವರು, ಅರ್ಬುದವನ್ನು ತಡೆಯುವ ಪಿ-53 ಎಂಬ ವಂಶವಾಹಿಯಲ್ಲಿ ಒಂದೇ ನಿಶ್ಚಿತ ಸ್ಥಾನದಲ್ಲಿ ಒಂದಕ್ಷರ ಬದಲಾದದ್ದನ್ನು ಮತ್ತೆ ಮತ್ತೆ ಕಂಡರು. ಬೂಷ್ಟಿನ ವಂಶವಾಹಿಯಿಂದ ಹುಟ್ಟಿದ ವಿಷ ಮನುಷ್ಯನ ವಂಶವಾಹಿಯ ಮೇಲೆ ತನ್ನ ಗುರುತನ್ನು ಬರೆದು ಹೋಗಿತ್ತು. ಹೆಪಟೈಟಿಸ್ ಬಿ ಸೋಂಕು ಇದ್ದವರಲ್ಲಿ ಈ ಅಪಾಯ ಹಲವು ಪಟ್ಟು ಹೆಚ್ಚು. ಅದಕ್ಕೆ ಲಸಿಕೆಯಿದೆ, ಮಕ್ಕಳಿಗೆ ಸರ್ಕಾರವೇ ಹಾಕಿಸುತ್ತದೆ, ತಪ್ಪಿಸಬೇಡಿರಿ.

ಆರಿಸಿ ತೆಗೆದ ಕಪ್ಪು ಕಾಳನ್ನು ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಹಾಲು ಕೊಡುವ ಆಕಳು, ಎಮ್ಮೆಗೆ ಹಾಕಬಾರದು. ಅವುಗಳ ಹೊಟ್ಟೆಗೆ ಹೋದ ಅಫ್ಲಟಾಕ್ಸಿನ್ ರೂಪ ಬದಲಿಸಿ ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ. ತಿನ್ನಿಸುವುದನ್ನು ನಿಲ್ಲಿಸಿದ ಮೂರು ನಾಲ್ಕು ದಿನಗಳಲ್ಲಿ ಹಾಲು ಮತ್ತೆ ಶುದ್ಧವಾಗುತ್ತದೆ. ಕೋಳಿಗಳಿಗೂ ಚೆಲ್ಲಬಾರದು. ಕುದುರೆಗಂತೂ ಬೂಷ್ಟು ಹಿಡಿದ ಮೆಕ್ಕೆಜೋಳ ಮಿದುಳನ್ನೇ ಕರಗಿಸುವ ರೋಗ ತರುತ್ತದೆ. ತಿಪ್ಪೆಯ ಮೇಲೆ ಎಸೆದರೆ ದನಕರು ಬಾಯಿ ಹಾಕುತ್ತವೆ. ಪ್ರಮಾಣ ಕಡಿಮೆಯಿದ್ದರೆ ಒಲೆಗೆ ಹಾಕಿ ಸುಡುವುದು, ಹೆಚ್ಚಿದ್ದರೆ ಬಾವಿಯಿಂದ ದೂರ ಆಳವಾದ ಗುಂಡಿ ತೆಗೆದು ಹೂಳುವುದು ಒಳ್ಳೆಯದು. ಹೂಳುವಾಗ ಧೂಳು ಉಸಿರಿಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.